ಹಳೇ ಔಟ್‌ಬೋರ್ಡ್ ಮೋಟರ್ ರೀಬಿಲ್ಡ್ ಮಾಡಿಸಬೇಕಾ, ಬಿಡಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಹೆಚ್ಚಾಗಿ ಕಾರ್ಬ್ಯುರೇಟರ್ ಇರುವ ಟೂ-ಸ್ಟ್ರೋಕ್ ಔಟ್‌ಬೋರ್ಡ್‌ಗಳ ಬಗ್ಗೆ. ರೀಬಿಲ್ಡ್ ಮಾಡಿಸಲಾ ಅಂತ ಕೇಳುವವರ ಬೋಟಿನ ಹಿಂದೆ ಸಾಮಾನ್ಯವಾಗಿ ಅದೇ ಇರುತ್ತದೆ. ಫೋರ್-ಸ್ಟ್ರೋಕ್‌ಗೆ ಕೆಳಗೆ ಬೇರೆ ಪ್ರಶ್ನೆ ಇದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೋಟರ್ ಯಾಕೆ ಹಾಳಾಯಿತು ಅಂತ ಗೊತ್ತಾಗುವ ತನಕ ಒಂದು ಪಿಸ್ಟನ್ ಕೂಡ ಕೊಳ್ಳಬೇಡಿ.

ರೀಬಿಲ್ಡ್ ಅಂದರೆ ನಿಜವಾಗಿ ಏನೇನು ಮಾಡ್ತಾರೆ?

ಔಟ್‌ಬೋರ್ಡ್ ಅಂದರೆ ಮೂರು ಭಾಗ. ಮೇಲೆ ಹುಡ್ ಒಳಗಿರುವ ಇಂಜಿನ್, ಅದಕ್ಕೆ ಪವರ್‌ಹೆಡ್ ಅನ್ನುತ್ತಾರೆ. ನಡುವೆ ಹೊಗೆ ಇಳಿದು ಹೋಗುವ ಉದ್ದನೆಯ ಕಾಲು. ಕೆಳಗೆ ನೀರೊಳಗಿರುವ ಗೇರ್‌ಕೇಸ್. ರೀಬಿಲ್ಡ್ ಅಂದಾಗ ಮೆಕ್ಯಾನಿಕ್ ಮಾತಾಡುತ್ತಿರುವುದು ಮೇಲಿನದರ ಬಗ್ಗೆ ಮಾತ್ರ: ಸಿಲಿಂಡರ್ ಬೋರಿಂಗ್ (ಒಳಗೋಡೆ ಕೊರೆದು ಕೊಂಚ ಅಗಲ ಮಾಡುವುದು), ಹೊಸ ಪಿಸ್ಟನ್, ರಿಂಗ್, ಬೇರಿಂಗ್, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಸೀಲ್, ಗ್ಯಾಸ್ಕೆಟ್. ಬರೀ ರಿಂಗ್ ಬದಲಾಯಿಸಿ ಬೋರ್ (ಸಿಲಿಂಡರ್ ಒಳಗೋಡೆ) ಮೇಲೆ ಹೋನ್ ಅನ್ನುವ ಉಜ್ಜುವ ಕಲ್ಲು ಆಡಿಸಿಕೊಟ್ಟು ಅದಕ್ಕೂ ರೀಬಿಲ್ಡ್ ಅನ್ನುವವರಿದ್ದಾರೆ. ಆದ್ದರಿಂದ ಏನೇನು ಹೊಸದು ಹಾಕ್ತೀರಿ ಅಂತ ಬರೆಸಿಕೊಳ್ಳಿ. ಕಾಲು ಮತ್ತು ಗೇರ್‌ಕೇಸ್ ಹಾಗೇ ಹಳೆಯದಾಗಿಯೇ ಉಳಿಯುತ್ತವೆ, ಇದನ್ನು ಮರೆಯಬೇಡಿ.

ಸ್ಟಾರ್ಟ್ ಆಗ್ತಿಲ್ಲ, ಸ್ಟಾರ್ಟ್ ಆದರೂ ಸ್ಪೀಡ್ ಎತ್ತುತ್ತಿಲ್ಲ. ಇಂಜಿನ್ ಹೋಗಿದೆ ಅಂತಾನಾ?

ಬಹಳ ಸಲ ಅಲ್ಲ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳಬೇಡಿ. ನಿಂತೇ ಇದ್ದ ಮೋಟರ್‌ನಲ್ಲಿ ಪೆಟ್ರೋಲ್ ಒಣಗಿ ಅಂಟಾಗಿ ಕಾರ್ಬ್ಯುರೇಟರ್‌ನ ಸೂಜಿ ತೂತಿನಷ್ಟು ಸಣ್ಣ ಜೆಟ್‌ಗಳನ್ನು ಮುಚ್ಚಿಬಿಟ್ಟಿರುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಆದರೆ ಇನ್ನೂ ಕಷ್ಟ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ತೇವ ಜಾಸ್ತಿಯಾದರೆ ನೀರು ಮತ್ತು ಎಥನಾಲ್ ಬೇರ್ಪಟ್ಟು ಟ್ಯಾಂಕ್ ತಳದಲ್ಲಿ ಕೂರುತ್ತದೆ, ಮೋಟರ್ ಹೀರುವುದು ಅದೇ ತಳದಿಂದ. ಹಳೇ ರಬ್ಬರ್ ಪೈಪ್‌ಗಳ ಒಳಪದರವನ್ನೂ ಅದು ಕಿತ್ತುಹಾಕುತ್ತದೆ.

ಹಾಗಾಗಿ ಮೊದಲು ಇಷ್ಟು ಮಾಡಿ: ಹೊಸ ಪೆಟ್ರೋಲ್, ಹೊಸ ಪೈಪ್ ಮತ್ತು ಪ್ರೈಮರ್ ಬಲ್ಬ್ (ಕೈಯಲ್ಲಿ ಒತ್ತಿ ಪೆಟ್ರೋಲ್ ತರಿಸುವ ರಬ್ಬರ್ ಉಂಡೆ), ಕಾರ್ಬ್ಯುರೇಟರ್ ಪೂರ್ತಿ ಬಿಚ್ಚಿ ಕ್ಲೀನ್, ಫ್ಯೂಯಲ್ ಪಂಪಿನ ಡಯಾಫ್ರಂ, ಹೊಸ ಪ್ಲಗ್. ಆಮೇಲೆ ಪ್ರತಿ ಸಿಲಿಂಡರ್‌ಗೂ ಸ್ಪಾರ್ಕ್ ಬರುತ್ತಿದೆಯಾ ನೋಡಿ. ಪ್ಲಗ್ಗನ್ನು ಬ್ಲಾಕ್‌ಗೆ ತಾಗಿಸಿ ನೋಡಿದರೆ ಸಾಲದು. ಅಂತರ ಹೊಂದಿಸಬಹುದಾದ ಟೆಸ್ಟರ್ ಬೇಕು. ಸಿಡಿಐ ಇಗ್ನಿಷನ್ (ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇರುವ ಬಹುತೇಕ ಮೋಟರ್‌ಗಳಲ್ಲಿ ಕಿಡಿ ಸುಮಾರು 11 ಮಿಲಿಮೀಟರ್ ಅಂತರ ಹಾರಬೇಕು, ಅದೂ ನೀಲಿಯಾಗಿ, ಚಟ್ ಚಟ್ ಸದ್ದಿನ ಜೊತೆ. ಹಳದಿ, ಸೊರಗಿದ ಕಿಡಿ ಲೆಕ್ಕಕ್ಕಿಲ್ಲ. ಹೀಗೆ ನೋಡುವಾಗ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಚಿಮ್ಮುತ್ತದೆ. ಟೆಸ್ಟರ್ ಅದರ ಬಾಯಿಗೆ ಹತ್ತಿರ ಇರಬಾರದು.

ಕಂಪ್ರೆಷನ್ ಟೆಸ್ಟ್ ನಾನೇ ಮಾಡಬಹುದಾ?

ಖಂಡಿತ. ಪ್ಲಗ್ ತೂತಿಗೆ ಗೇಜ್ ಹಾಕಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ನೋಡುವುದು ಅಷ್ಟೇ. ಸಲಹೆ ಕೇಳೋಕೆ ಮುಂಚೆ ಮಾಡಬೇಕಾದ ಕೆಲಸ ಇದೇ. ಮೋಟರ್ ಓಡುವ ಸ್ಥಿತಿಯಲ್ಲಿದ್ದರೆ ಸ್ವಲ್ಪ ಬಿಸಿ ಮಾಡಿ. ಎಲ್ಲಾ ಪ್ಲಗ್ ತೆಗೆಯಿರಿ, ಒಂದೊಂದೇ ಅಲ್ಲ. ಪ್ಲಗ್ ವೈರ್‌ಗಳನ್ನು ಬ್ಲಾಕ್‌ಗೆ ಗ್ರೌಂಡ್ ಮಾಡಿ, ಇಲ್ಲದಿದ್ದರೆ ಸಿಡಿಐ ಅಥವಾ ಕಾಯಿಲ್ ಸುಟ್ಟೀತು. ಥ್ರಾಟಲ್ ಪೂರ್ತಿ ತೆರೆದಿರಲಿ. ಮುಚ್ಚಿದ್ದರೆ ಗಾಳಿಯೇ ಒಳಗೆ ಹೋಗದೆ ಒಳ್ಳೇ ಇಂಜಿನ್ ಕೂಡ ಕಡಿಮೆ ತೋರಿಸುತ್ತದೆ. ಬ್ಯಾಟರಿ ಫುಲ್ ಚಾರ್ಜ್ ಆಗಿರಲಿ. ಗೇಜ್ ಮುಳ್ಳು ಏರುವುದು ನಿಲ್ಲುವ ತನಕ ತಿರುಗಿಸಿ, ಪ್ರತಿ ಸಿಲಿಂಡರ್‌ಗೂ ಅಷ್ಟೇ ಸಲ. ಬರೆದಿಟ್ಟುಕೊಳ್ಳಿ.

ಎಷ್ಟು ಬಂದರೆ ಸರಿ?

ಸಂಖ್ಯೆಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಗೇಜಿಂದ ಗೇಜಿಗೆ ಸಂಖ್ಯೆ ಬದಲಾಗುತ್ತದೆ, ವ್ಯತ್ಯಾಸ ಅಷ್ಟಾಗಿ ಬದಲಾಗುವುದಿಲ್ಲ. ಎಲ್ಲವೂ ಒಂದಕ್ಕೊಂದು ಶೇ. 10ರಿಂದ 15ರ ಒಳಗಿರಬೇಕು. ಬಹಳಷ್ಟು ಟೂ-ಸ್ಟ್ರೋಕ್‌ಗಳು ಚೆನ್ನಾಗಿದ್ದರೆ 100ರಿಂದ 130 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತವೆ. 90ಕ್ಕಿಂತ ಕೆಳಗೆ ಬಂದರೆ ಅನುಮಾನ ಪಡಿ. ಆದರೆ ತುಂಬಾ ಹಳೆಯ ಚಿಕ್ಕ ಮೋಟರ್‌ಗಳು ಆರೋಗ್ಯವಾಗಿದ್ದಾಗಲೇ 80ರ ಆಸುಪಾಸು ಇರುತ್ತವೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಕೆಲವು ಫೋರ್-ಸ್ಟ್ರೋಕ್‌ಗಳಲ್ಲಿ ಎಳೆಯಲು ಹಗುರವಾಗಲಿ ಅಂತಲೇ ಕಂಪ್ರೆಷನ್ ಬಿಟ್ಟುಕೊಡುವ ವ್ಯವಸ್ಥೆ ಇರುತ್ತದೆ. ಅಲ್ಲಿ ಈ ಟೆಸ್ಟ್ ನಂಬಬೇಡಿ, ಗಾಳಿ ತುಂಬಿ ಸೋರಿಕೆ ನೋಡುವ ಲೀಕ್‌ಡೌನ್ ಟೆಸ್ಟ್ ಮಾಡಿಸಿ.

ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕಡಿಮೆ, ಅದೂ ಸಮಸಮ ಇದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅದು ಸಣ್ಣ ಕೆಲಸ. ಎಲ್ಲವೂ ಸಮನಾಗಿ ಸ್ವಲ್ಪ ಕಡಿಮೆ ಇದ್ದರೆ ಅದು ಸವೆತ, ಆ ಮೋಟರ್ ಇನ್ನೂ ಎಷ್ಟೋ ಕಾಲ ಓಡಬಹುದು. ಒಂದೇ ಒಂದು 60ಕ್ಕೆ ಇಳಿದು ಮಿಕ್ಕವು 120 ಇದ್ದರೆ, ಅಲ್ಲಿ ಏನೋ ಕೆಟ್ಟಿದೆ.

ಒಂದು ಸಿಲಿಂಡರ್ ಕಡಿಮೆ ಬಂತು. ತಕ್ಷಣ ಬಿಚ್ಚಬೇಕಾ?

ಒಂದು ದಿನ ತಡೀರಿ. ಕಾರ್ಬನ್ ಕಟ್ಟಿ ರಿಂಗ್ ತಾನು ಕೂರುವ ಪಿಸ್ಟನ್ ತೋಡಿನಲ್ಲೇ ಅಂಟಿಕೊಂಡಿದ್ದರೂ ಹೀಗೇ ಆಗುತ್ತದೆ. ಕಾರ್ಬನ್ ತೆಗೆಯುವ ಸ್ಪ್ರೇ ಸಿಗುತ್ತದೆ. ಪ್ಲಗ್ ತೂತಿನಿಂದ ಹೊಡೆದು, ರಾತ್ರಿಯಿಡೀ ಬಿಟ್ಟು, ಓಡಿಸಿ ಮತ್ತೆ ಟೆಸ್ಟ್ ಮಾಡಿ. ಕಂಪ್ರೆಷನ್ ವಾಪಸ್ ಬಂದರೆ ನೀವು ಗೆದ್ದಿರಿ. ಬರಲಿಲ್ಲ ಅಂದರೆ ಪ್ಲಗ್ ತೂತಿನಲ್ಲಿ ಚಿಕ್ಕ ಕ್ಯಾಮೆರಾ ಇಳಿಸಿ ಗೋಡೆ ನೋಡಿ. ಸಿಲಿಂಡರ್ ಗೋಡೆಯ ಮೇಲೆ ಹೋನ್ ಮಾಡಿದ ಅಡ್ಡಗೀರುಗಳು ಸಣ್ಣಗೆ ಕಾಣಬೇಕು. ಉದ್ದುದ್ದಕ್ಕೆ ಗೀರು, ಮೇಲೆ ಬೂದು ಬಣ್ಣದ ಅಲ್ಯೂಮಿನಿಯಂ ಮೆತ್ತಿದ ಪಟ್ಟೆ ಕಂಡರೆ ಬಿಚ್ಚದೆ ಬೇರೆ ದಾರಿ ಇಲ್ಲ.

ಮೋಟರ್ ತಿರುಗ್ತಾನೇ ಇಲ್ಲ. ಸೀಜ್ ಆಗಿದೆ. ಮುಗೀತಾ?

ಮೊದಲು ಯಾವುದು ಸೀಜ್ ಆಗಿದೆ ನೋಡಿ. ನ್ಯೂಟ್ರಲ್‌ಗೆ ಹಾಕಿ, ಗೇರ್‌ಕೇಸ್ ಇಳಿಸಿ, ಆಮೇಲೆ ಫ್ಲೈವೀಲ್ (ಇಂಜಿನ್ ತಲೆಯ ಮೇಲಿನ ಭಾರದ ಚಕ್ರ) ತಿರುಗಿಸಿ. ಈಗ ಸಲೀಸಾಗಿ ತಿರುಗಿದರೆ ಜಾಮ್ ಆಗಿರುವುದು ಕೆಳಗಿನ ಗೇರ್, ಇಂಜಿನ್ ಅಲ್ಲ. ಸ್ಟಾರ್ಟರ್ ಗೇರ್ ಫ್ಲೈವೀಲ್‌ಗೆ ಸಿಕ್ಕಿಕೊಂಡಿದ್ದರೂ ತಿರುಗುವುದಿಲ್ಲ, ಅದನ್ನೂ ನೋಡಿ.

ಇಂಜಿನ್ನೇ ಆದರೆ ಇನ್ನೊಂದು ಪ್ರಶ್ನೆ: ಓಡುತ್ತಾ ಓಡುತ್ತಾ ನಿಂತಿತಾ, ನಿಂತಲ್ಲೇ ನಿಂತು ತುಕ್ಕು ಹಿಡಿಯಿತಾ? ಮಳೆ, ತೇವಕ್ಕೆ ರಿಂಗ್ ಬೋರ್‌ಗೆ ಹಿಡಿದುಕೊಂಡದ್ದಾದರೆ ಸಂದಿಯೊಳಗೆ ಇಳಿಯುವ ಎಣ್ಣೆ ಹಾಕಿ ದಿನಗಟ್ಟಲೆ ನೆನೆಸಿ, ಫ್ಲೈವೀಲ್ ನಟ್ ಮೇಲೆ ಮೆಲ್ಲಗೆ ಹಿಂದೆ ಮುಂದೆ ಒತ್ತಡ ಕೊಟ್ಟು ಬಿಡಿಸಿದವರಿದ್ದಾರೆ. ಆದರೆ ಬಿಟ್ಟ ಮಾತ್ರಕ್ಕೆ ಓಡಿಸಬೇಡಿ. ತುಕ್ಕಿನ ಗುಳಿ ಬೋರ್‌ನಲ್ಲಿದ್ದರೆ ಬೋರಿಂಗ್‌ನಲ್ಲಿ ಹೋಗಬಹುದು, ಕ್ರ್ಯಾಂಕಿನ ಬೇರಿಂಗ್ ಕೂರುವ ಜಾಗದಲ್ಲಿದ್ದರೆ ಕ್ರ್ಯಾಂಕೇ ಹೋಯಿತು. ಉಪ್ಪುನೀರಿಗೆ ಬಿದ್ದು ಮುಳುಗಿ ವಾರಗಟ್ಟಲೆ ಹಾಗೇ ಬಿಟ್ಟ ಮೋಟರ್ ಆದರೆ ನನ್ನ ಉತ್ತರ ನೇರವಾಗಿ ಬೇಡ.

ಯಾಕೆ ಹಾಳಾಯಿತು ಅನ್ನೋದು ಅಷ್ಟು ಮುಖ್ಯನಾ? ಹೇಗಿದ್ರೂ ಎಲ್ಲಾ ಹೊಸದು ಹಾಕ್ತೀವಲ್ಲ?

ಹಾಕುವುದು ಹೊಸ ಪಿಸ್ಟನ್. ಹಳೇ ಪಿಸ್ಟನ್ನನ್ನು ಕೊಂದದ್ದು ಪಿಸ್ಟನ್ ಅಲ್ಲವಲ್ಲ. ಮೂರು ಕಾರ್ಬ್ಯುರೇಟರ್ ಇರುವ ಮೋಟರ್‌ನಲ್ಲಿ ಒಂದರ ಜೆಟ್ ಕಟ್ಟಿಕೊಂಡು ಒಂದು ಸಿಲಿಂಡರ್‌ಗೆ ಪೆಟ್ರೋಲ್ ಕಡಿಮೆ ಬಿತ್ತು ಅಂದುಕೊಳ್ಳಿ. ಟೂ-ಸ್ಟ್ರೋಕ್‌ನಲ್ಲಿ ಎಣ್ಣೆ ಬರೋದೂ ಪೆಟ್ರೋಲ್ ಜೊತೆಗೇ. ಅಂದರೆ ಆ ಸಿಲಿಂಡರ್‌ಗೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ, ಬೆಂಕಿ ಮಾತ್ರ ಜಾಸ್ತಿ. ಪಿಸ್ಟನ್ ಹಿಗ್ಗಿ ಗೋಡೆಗೆ ಉಜ್ಜಿ ಹಿಡಿಯಿತು. ಈಗ ನೀವು ಎಲ್ಲಾ ಹೊಸದು ಹಾಕಿ ಅದೇ ಕಾರ್ಬ್ಯುರೇಟರ್ ಮತ್ತೆ ಕೂರಿಸಿದರೆ ಹೊಸ ಪಿಸ್ಟನ್ ಕೂಡ ಅದೇ ದಾರಿ ಹಿಡಿಯುತ್ತದೆ, ಅಲ್ವಾ? ರೀಬಿಲ್ಡ್ ಮಾಡಿಸಿದ ಸ್ವಲ್ಪ ದಿನಕ್ಕೇ ಮತ್ತೆ ಹೋಯಿತು ಅನ್ನುವ ಕಥೆಗಳಲ್ಲಿ ಮೆಕ್ಯಾನಿಕ್ಕನ್ನು ಬೈಯುವ ಮುಂಚೆ ಇದನ್ನು ಕೇಳಬೇಕು.

ಹಳೇ ಪಿಸ್ಟನ್ ಎಸೆಯಬೇಡಿ, ಅದನ್ನು ಬೆಳಕಿಗೆ ಹಿಡಿದು ಓದಿ. ಎಕ್ಸಾಸ್ಟ್ ಕಡೆ ಮಾತ್ರ ಉಜ್ಜಿದ ಗುರುತಿದ್ದರೆ ಪೆಟ್ರೋಲ್ ಕಡಿಮೆಯಾಗಿ ಬಿಸಿಯೇರಿದೆ. ಸುತ್ತ ನಾಲ್ಕು ಕಡೆ ಗೀರಿದ್ದರೆ ಇಡೀ ಸಿಲಿಂಡರ್ ತಣಿಯದೆ ಬಿಸಿಯಾಗಿದೆ, ಅಥವಾ ತಣ್ಣಗಿರುವ ಮೋಟರನ್ನು ಸ್ಟಾರ್ಟ್ ಮಾಡಿದ ಕೂಡಲೇ ಫುಲ್ ಥ್ರಾಟಲ್ ಕೊಟ್ಟಿದ್ದಾರೆ. ಪಿಸ್ಟನ್ ತಲೆಯ ಅಂಚು ಇಲಿ ಕಡಿದ ಹಾಗೆ ತಿಂದುಹೋಗಿ, ಪ್ಲಗ್ಗಿನ ಪಿಂಗಾಣಿ ಮೇಲೆ ಮಿನುಗುವ ಬೂದು ಚುಕ್ಕಿಗಳಿದ್ದರೆ ಅದು ಡೆಟೊನೇಷನ್, ಅಂದರೆ ಮಿಶ್ರಣ ಉರಿಯುವ ಬದಲು ಸಿಡಿದದ್ದು: ಕಿಡಿಯ ಟೈಮಿಂಗ್ ತಪ್ಪಿದೆ, ಪೆಟ್ರೋಲ್ ಕೆಟ್ಟದ್ದು, ಇಲ್ಲವೇ ಮಿಶ್ರಣ ತೆಳು (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ). ಎಲ್ಲಾ ಪಿಸ್ಟನ್‌ಗಳ ತಲೆ ಕಪ್ಪಾಗಿದ್ದು ಒಂದು ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದರೆ ಖುಷಿಪಡಬೇಡಿ. ಆ ಸಿಲಿಂಡರ್ ಒಳಗೆ ನೀರು ಸೋರಿ ಆವಿಯಾಗಿ ಕಾರ್ಬನ್ ತೊಳೆದಿದೆ. ಗ್ಯಾಸ್ಕೆಟ್ ಇರಬಹುದು, ಬ್ಲಾಕ್ ಬಿರುಕೂ ಇರಬಹುದು.

ಕಣ್ಣಿಗೆ ಕಾಣದ ಕಾರಣಗಳೂ ಇವೆ. ಕ್ರ್ಯಾಂಕ್ ಸೀಲ್ ಸವೆದು ಅಲ್ಲಿಂದ ಗಾಳಿ ಎಳೆದರೆ ಕಾರ್ಬ್ಯುರೇಟರ್ ಎಷ್ಟೇ ಚೆನ್ನಾಗಿದ್ದರೂ ಮಿಶ್ರಣ ತೆಳುವಾಗುತ್ತದೆ. ಎಣ್ಣೆ ತಾನೇ ಬೆರೆಸುವ ಪಂಪ್ ಇರುವ ಮೋಟರ್‌ನಲ್ಲಿ ಪಂಪ್ ಕೈಕೊಟ್ಟಿರಬಹುದು, ಎಚ್ಚರಿಕೆ ಬಜರ್ ಯಾವತ್ತೋ ಸತ್ತಿರಬಹುದು. ಇನ್ನು ತಣಿಸುವ ನೀರು. ಹಿಂದೆ ಪಿಚಕಾರಿ ಹಾಗೆ ನೀರು ಬರುತ್ತಿದೆ, ಹಾಗಾಗಿ ಎಲ್ಲಾ ಸರಿ ಅಂದುಕೊಳ್ಳುತ್ತಾರೆ. ಪಂಪ್ ನೀರು ಎತ್ತುತ್ತಿದೆ ಅಂತ ಮಾತ್ರ ಅದರ ಅರ್ಥ. ಬ್ಲಾಕ್ ಒಳಗಿನ ದಾರಿ ಉಪ್ಪು, ಮರಳಿಂದ ಕಟ್ಟಿಕೊಂಡಿದ್ದರೂ ಆ ಧಾರೆ ಬರುತ್ತಲೇ ಇರಬಹುದು.

ಉಪ್ಪುನೀರಲ್ಲಿ ಓಡಿಸಿದ ಮೋಟರ್. ತೊಂದರೆ ಇದೆಯಾ?

ಇದೆ, ಮತ್ತು ನನ್ನ ಪ್ರಕಾರ ಬೇಕಾ ಬೇಡವಾ ಅನ್ನುವುದನ್ನು ಬಹಳ ಸಲ ತೀರ್ಮಾನಿಸುವುದು ಇದೇ. ಬ್ಲಾಕ್ ಅಲ್ಯೂಮಿನಿಯಂ, ಬೋಲ್ಟ್ ಸ್ಟೀಲ್. ನಡುವೆ ಉಪ್ಪುನೀರು ಇದ್ದರೆ ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗಿ ಬೋಲ್ಟ್ ಸುತ್ತ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಎಕ್ಸಾಸ್ಟ್ ಕವರ್‌ನ ಬೋಲ್ಟ್ ತಿರುಗಿಸಿ ನೋಡಿ. ಸ್ಪ್ಯಾನರ್ ಕೊಂಚ ತಿರುಗುತ್ತದೆ, ಬಿಟ್ಟಿತು ಅನ್ನಿಸುತ್ತದೆ, ಇನ್ನೂ ಸ್ವಲ್ಪ ಮೆತ್ತಗೆ ತಿರುಗುತ್ತದೆ, ಆಮೇಲೆ ತಲೆ ಕೈಗೆ ಬರುತ್ತದೆ. ಆ ಮೆತ್ತಗೆ ತಿರುಗಿದ್ದು ಎಳೆ ಬಿಟ್ಟದ್ದಲ್ಲ, ಬೋಲ್ಟ್ ತಿರುಚಿಕೊಂಡದ್ದು.

ಆದ್ದರಿಂದ ರೇಟ್ ಕೇಳುವ ಮುಂಚೆ ಐದಾರು ಬೋಲ್ಟ್ ಬಿಚ್ಚಿ ನೋಡಿ, ಅದರಲ್ಲೂ ಪವರ್‌ಹೆಡ್ಡನ್ನು ಕಾಲಿಗೆ ಹಿಡಿದಿರುವವು. ಬಿಸಿ ಮಾಡಿ, ಎಣ್ಣೆ ಬಿಟ್ಟು, ಇಂಪ್ಯಾಕ್ಟ್ ಡ್ರೈವರ್‌ನಿಂದ ತಟ್ಟಿದರೆ ಬಂದರೆ ಒಳ್ಳೆಯದು. ಪ್ರತಿಯೊಂದೂ ಮುರಿಯುತ್ತಿದ್ದರೆ ಪ್ರತಿಯೊಂದನ್ನೂ ಡ್ರಿಲ್ ಮಾಡಿ ಹೊಸ ಎಳೆ ಹಾಕಿಸಬೇಕು. ಮಜೂರಿಯೆಲ್ಲ ಅಲ್ಲೇ ಕರಗುತ್ತದೆ. ಕೆಲವು ಮೋಟರ್‌ಗಳಲ್ಲಿ ಕಾಲಿನೊಳಗಿನ ಡ್ರೈವ್‌ಶಾಫ್ಟ್ ಮೇಲ್ತುದಿಯ ಹಲ್ಲುಗಳು ತುಕ್ಕು ಹಿಡಿದು ಕ್ರ್ಯಾಂಕ್ ಒಳಗೇ ಅಂಟಿಕೊಂಡಿರುತ್ತವೆ. ಆಗ ಗೇರ್‌ಕೇಸೂ ಇಳಿಯದು, ಇಂಜಿನ್ನೂ ಏಳದು. ಹೀಗಾಗಿದ್ದರೆ ಸುಮ್ನೆ ಕೈಬಿಡಿ.

ಸಿಹಿನೀರಲ್ಲೇ ಬಾಳಿದ ಮೋಟರ್ ಆದರೆ ವಯಸ್ಸು ನೋಡಿ ಹೆದರಬೇಡಿ.

ಗೇರ್‌ಕೇಸ್ ಸರಿ ಇದೆಯಾ ಅಂತ ಹೇಗೆ ತಿಳಿಯೋದು?

ಕೆಳಗಿನ ಡ್ರೈನ್ ಸ್ಕ್ರೂ ತೆಗೆದು ಎಣ್ಣೆಯನ್ನು ಬಿಳಿ ತಟ್ಟೆಗೆ ಬಿಡಿ. ಹಾಲು ಬೆರೆಸಿದ ಹಾಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಡ್ರೈನ್ ಸ್ಕ್ರೂ ತುದಿಯ ಅಯಸ್ಕಾಂತದ ಮೇಲೆ ನಯವಾದ ಬೂದು ಲೇಪ ಇದ್ದರೆ ಮಾಮೂಲಿ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗೇರ್ ಹಲ್ಲು ಹೋಗುತ್ತಿದೆ. ಬರೀ ಸೀಲ್ ಆದರೆ ಚಿಂತೆಯಿಲ್ಲ. ಗೇರ್ ಸೆಟ್ಟೂ ಬೇಕು, ಇಂಜಿನ್ನೂ ಬೇಕು ಅಂದರೆ ಲೆಕ್ಕ ತಲೆಕೆಳಗಾಗುತ್ತದೆ.

ಹಳೇ ಮಾಡೆಲ್‌ಗೆ ಬಿಡಿಭಾಗ ಸಿಗುತ್ತಾ?

ಕಂಪನಿ ಬದುಕಿದೆಯಾ ಅನ್ನುವುದಕ್ಕಿಂತ ಆ ಇಂಜಿನ್ ಎಷ್ಟು ಮಾರಾಟವಾಗಿತ್ತು ಅನ್ನುವುದು ಮುಖ್ಯ. ಎವಿನ್‌ರೂಡ್, ಜಾನ್ಸನ್ ಮಾಡುತ್ತಿದ್ದ ಓಎಂಸಿ 2000ದ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು, 2001ರಲ್ಲಿ ಬೊಂಬಾರ್ಡಿಯರ್ ಅದರ ಇಂಜಿನ್ ವ್ಯವಹಾರ ಕೊಂಡಿತು, 2020ರಲ್ಲಿ ಎವಿನ್‌ರೂಡ್ ತಯಾರಿಕೆಯೇ ನಿಂತಿತು. ಆದರೂ ಅವರ ಜನಪ್ರಿಯ ಮಾಡೆಲ್‌ಗಳಿಗೆ ಪಿಸ್ಟನ್, ಗ್ಯಾಸ್ಕೆಟ್, ಇಂಪೆಲ್ಲರ್ (ನೀರಿನ ಪಂಪಿನೊಳಗಿನ ರಬ್ಬರ್ ಚಕ್ರ) ಬೇರೆ ತಯಾರಕರಿಂದ ಸಿಗುತ್ತವೆ. ಇನ್ನೊಂದು ಕಡೆ, ಇವತ್ತಿಗೂ ಇರುವ ಕಂಪನಿ ಕೆಲವೇ ವರ್ಷ ಮಾಡಿ ಬಿಟ್ಟ ಮಾಡೆಲ್‌ಗೆ ಒಂದು ಸೀಲಿಗೂ ಅಲೆಯಬೇಕಾಗುತ್ತದೆ.

ಕ್ಲ್ಯಾಂಪ್ ಬ್ರಾಕೆಟ್ ಮೇಲಿನ ಪ್ಲೇಟ್‌ನಿಂದ ಮಾಡೆಲ್ ನಂಬರ್ ಬರೆದುಕೊಂಡು ಕ್ರ್ಯಾಂಕ್‌ಶಾಫ್ಟ್, ಓವರ್‌ಸೈಜ್ ಪಿಸ್ಟನ್ (ಬೋರಿಂಗ್ ಆದ ಮೇಲೆ ಹಾಕುವ ದೊಡ್ಡ ಅಳತೆಯದು), ಸಿಡಿಐ, ಎಕ್ಸಾಸ್ಟ್ ಪ್ಲೇಟ್ ಈ ನಾಲ್ಕು ಸಿಗುತ್ತವಾ ವಿಚಾರಿಸಿ. ರಿಂಗ್, ಗ್ಯಾಸ್ಕೆಟ್ ಸಿಕ್ಕಿತು ಅಂತ ಹುರುಪಾಗಬೇಡಿ, ಅವು ಸಾಮಾನ್ಯವಾಗಿ ಸಿಗುವಂಥವು.

ಹಾಳಾದ ಸಿಲಿಂಡರ್ ಒಂದನ್ನೇ ಬೋರಿಂಗ್ ಮಾಡಿಸಿದರೆ ಸಾಲದಾ?

ಮಿಕ್ಕವು ಅಳತೆಯಲ್ಲಿ ಸರಿ ಇದ್ದರೆ ಸಾಕು, ಒಂದು ಓವರ್‌ಸೈಜ್ ಪಿಸ್ಟನ್ ಇದ್ದು ಮಿಕ್ಕವು ಸ್ಟ್ಯಾಂಡರ್ಡ್ ಇದ್ದರೂ ಬಹಳ ಮೋಟರ್‌ಗಳು ಚೆನ್ನಾಗಿ ಓಡುತ್ತವೆ. ಅಳತೆ ಮಾತ್ರ ಬೋರ್ ಗೇಜ್‌ನಿಂದ ಆಗಬೇಕು, ಬೆರಳಾಡಿಸಿ ಅಲ್ಲ. ಮೊದಲು ಪಿಸ್ಟನ್ ಕೈಗೆ ಬರಲಿ, ಆಮೇಲೆ ಅದರ ಅಳತೆಗೆ ಬೋರಿಂಗ್. ಕೆಲವು ಮೋಟರ್‌ಗಳ ಬೋರ್‌ಗೆ ನಿಕಾಸಿಲ್ ಅನ್ನುವ ಗಟ್ಟಿ ಲೇಪ ಇರುತ್ತದೆ, ಅದನ್ನು ಮಾಮೂಲಿಯಾಗಿ ಬೋರಿಂಗ್ ಮಾಡಲಾಗದು. ಹೊಸದಾಗಿ ಲೇಪ ಹಾಕಿಸಬೇಕು ಅಥವಾ ಸ್ಲೀವ್ ಕೂರಿಸಬೇಕು.

ನಾನೇ ಮನೆಯಲ್ಲಿ ಮಾಡಬಹುದಾ?

ಎರಡು ಸಿಲಿಂಡರ್‌ನ ಚಿಕ್ಕ ಟೂ-ಸ್ಟ್ರೋಕ್ ಆದರೆ, ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್, ಟಾರ್ಕ್ ರೆಂಚ್, ಫ್ಲೈವೀಲ್ ಪುಲ್ಲರ್ ಇದ್ದರೆ, ತಾಳ್ಮೆ ಇದ್ದರೆ, ಆಗಬಹುದು. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸುತ್ತಿಗೆಯಿಂದ ಫ್ಲೈವೀಲ್ ಹೊಡೆದು ತೆಗೆಯಬೇಡಿ, ಒಳಗಿನ ಅಯಸ್ಕಾಂತ ಉದುರುತ್ತದೆ. ಕನೆಕ್ಟಿಂಗ್ ರಾಡ್‌ನ ಕ್ಯಾಪ್‌ಗಳನ್ನು ಅದಲುಬದಲು ಮಾಡಬೇಡಿ. ಎಷ್ಟೋ ಮೋಟರ್‌ಗಳಲ್ಲಿ ಆ ಕ್ಯಾಪ್ಪನ್ನು ಬೇಕಂತಲೇ ಮುರಿದು ಮಾಡಿರುತ್ತಾರೆ, ಅದರ ಒರಟು ಮೈ ತನ್ನ ಜೋಡಿಗೆ ಮಾತ್ರ ಕೂರುತ್ತದೆ. ಕ್ರ್ಯಾಂಕ್‌ಕೇಸ್‌ನ ಎರಡು ಹೋಳು ಕೂಡ ಜೋಡಿ. ಒಂದನ್ನು ಮಾತ್ರ ಬೇರೆ ಮೋಟರ್‌ನಿಂದ ತರಲಾಗದು. ಪಿಸ್ಟನ್ ಪಿನ್ನಿನ ಸರ್‌ಕ್ಲಿಪ್ ಹೊಸದೇ ಇರಲಿ.

ಖರ್ಚು ಎಷ್ಟಾದರೆ ಬೇಡ ಅನ್ನಬೇಕು?

ಅದೇ ಶಕ್ತಿಯ, ಓಡುತ್ತಿರುವ, ಕಂಪ್ರೆಷನ್ ನೋಡಿದ ಸೆಕೆಂಡ್‌ಹ್ಯಾಂಡ್ ಮೋಟರ್ ಏನು ಬೆಲೆಗೆ ಸಿಗುತ್ತದೆ ನೋಡಿ. ರೀಬಿಲ್ಡ್ ಅದರ ಅರ್ಧ ದಾಟಿದರೆ ನಾನು ಎರಡು ಸಲ ಯೋಚಿಸುತ್ತೇನೆ, ಮುಕ್ಕಾಲು ದಾಟಿದರೆ ಬೇಡ ಅನ್ನುತ್ತೇನೆ. ರೀಬಿಲ್ಡ್ ಲೆಕ್ಕದಲ್ಲಿ ಕಾರ್ಬ್ಯುರೇಟರ್ ಕಿಟ್, ವಾಟರ್ ಪಂಪ್, ಥರ್ಮೋಸ್ಟಾಟ್, ಮುರಿಯಲಿರುವ ಬೋಲ್ಟ್ ಎಲ್ಲ ಸೇರಿಸಿ.

ಆದರೆ ಹೊಸ ಮೋಟರ್‌ನ ಲೆಕ್ಕವನ್ನೂ ಅಷ್ಟೇ ನಿಷ್ಠುರವಾಗಿ ಹಾಕಿ. ಬೇರೆ ಕಂಪನಿಯದಾದರೆ ಕಂಟ್ರೋಲ್ ಬಾಕ್ಸ್, ಕೇಬಲ್, ವೈರಿಂಗ್, ಪ್ರೊಪೆಲ್ಲರ್ ಎಲ್ಲ ಬದಲಾಗುತ್ತದೆ. ಕಾಲಿನ ಉದ್ದ ಹೊಂದಬೇಕು: ಬೋಟಿನ ಹಿಂಗೋಡೆಯ ಎತ್ತರಕ್ಕೆ ತಕ್ಕಂತೆ 15, 20 ಅಥವಾ 25 ಇಂಚು. ಹೊಸ ಫೋರ್-ಸ್ಟ್ರೋಕ್ ಹಳೇ ಟೂ-ಸ್ಟ್ರೋಕ್‌ಗಿಂತ ಸಾಮಾನ್ಯವಾಗಿ ಭಾರ, ಹಳೇ ಚಿಕ್ಕ ಬೋಟಿನ ಹಿಂಭಾಗ ಅದಕ್ಕೆ ಕುಸಿದು ಕೂರಬಹುದು.

ಪೆಟ್ರೋಲ್ ಖರ್ಚು ಲೆಕ್ಕಕ್ಕೆ ಬರುತ್ತಾ?

ಜಾಸ್ತಿ ಓಡಿಸುವವರಿಗೆ ಬರುತ್ತದೆ. ಕಾರ್ಬ್ಯುರೇಟರ್ ಟೂ-ಸ್ಟ್ರೋಕ್‌ನಲ್ಲಿ ಎಕ್ಸಾಸ್ಟ್ ಪೋರ್ಟ್ ತೆರೆದಿರುವಾಗಲೇ ಹೊಸ ಮಿಶ್ರಣ ಒಳಗೆ ಬರುವುದರಿಂದ ಪೆಟ್ರೋಲ್‌ನ ದೊಡ್ಡ ಪಾಲು, ಕೆಲವೊಮ್ಮೆ ಕಾಲು ಭಾಗದವರೆಗೂ, ಉರಿಯದೆ ನೀರಿಗೆ ಹೋಗುತ್ತದೆ. ರೀಬಿಲ್ಡ್ ಇದನ್ನು ಸರಿಮಾಡುವುದಿಲ್ಲ. ಅಮೆರಿಕ 1996ರಲ್ಲಿ ಹೊಗೆಯ ನಿಯಮ ತಂದು 2006ರ ಹೊತ್ತಿಗೆ ಈ ಮೋಟರ್‌ಗಳು ಅಲ್ಲಿ ಹೆಚ್ಚುಕಡಿಮೆ ಮಾರುಕಟ್ಟೆ ಬಿಟ್ಟದ್ದು ಇದೇ ಕಾರಣಕ್ಕೆ. ನೀವು ಓಡಿಸುವ ನೀರಲ್ಲಿ ಟೂ-ಸ್ಟ್ರೋಕ್‌ಗೆ ನಿಷೇಧ ಇದೆಯಾ, ಬರುವಂತಿದೆಯಾ ಅಂತಲೂ ವಿಚಾರಿಸಿ. ರಜೆಯಲ್ಲಿ ಮಾತ್ರ ದೋಣಿ ಇಳಿಸುವವರು ಪೆಟ್ರೋಲ್ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಫೋರ್-ಸ್ಟ್ರೋಕ್ ಆದರೆ?

ಲೆಕ್ಕ ಬೇಗ ಏರುತ್ತದೆ. ವಾಲ್ವ್, ಕ್ಯಾಮ್, ಟೈಮಿಂಗ್ ಬೆಲ್ಟ್, ಎಣ್ಣೆ ಪಂಪ್ ಎಲ್ಲ ಸೇರುತ್ತದೆ. ಲೀಕ್‌ಡೌನ್ ಟೆಸ್ಟ್‌ನಲ್ಲಿ ಸಿಲಿಂಡರ್‌ಗೆ ಗಾಳಿ ತುಂಬಿ ಎಲ್ಲಿ ಬುಸ್ ಅನ್ನುತ್ತದೆ ಕೇಳಿ. ಕಾರ್ಬ್ಯುರೇಟರ್ ಅಥವಾ ಎಕ್ಸಾಸ್ಟ್ ಕಡೆ ಸದ್ದು ಬಂದರೆ ವಾಲ್ವ್, ಹೆಡ್ ಮಾತ್ರ ಬಿಚ್ಚಿದರೆ ಆಯಿತು. ಎಣ್ಣೆ ತುಂಬುವ ಬಾಯಲ್ಲಿ ಬಂದರೆ ರಿಂಗ್. ಆಗ ಓಡುತ್ತಿರುವ ಸೆಕೆಂಡ್‌ಹ್ಯಾಂಡ್ ಪವರ್‌ಹೆಡ್ ಹುಡುಕುವುದೇ ಹೆಚ್ಚಾಗಿ ಅಗ್ಗ.

ಅಪ್ಪನ ಕಾಲದ ಮೋಟರ್, ಬಿಡೋಕೆ ಮನಸ್ಸಿಲ್ಲ.

ಹಾಗಿದ್ದರೆ ಮಾಡಿಸಿ. ಲೆಕ್ಕ ಹಾಕಿ ಬೇಜಾರು ಮಾಡಿಕೊಳ್ಳಬೇಡಿ. ತೀರದಿಂದ ದೂರ ಹೋಗುವಾಗ ಮಾತ್ರ ಇನ್ನೊಂದು ಚಿಕ್ಕ ಮೋಟರ್ ಅಥವಾ ಹುಟ್ಟು ಜೊತೆಗಿರಲಿ.

ರೀಬಿಲ್ಡ್ ಆದ ಮೇಲೆ ಹೇಗೆ ಓಡಿಸಬೇಕು?

ಕಂಪನಿಯ ಮ್ಯಾನ್ಯುಯಲ್ ಏನು ಹೇಳುತ್ತದೋ ಅದು ಮೊದಲು. 50:1 ಮಿಶ್ರಣದ ಮೋಟರ್‌ಗೆ ಸಾಮಾನ್ಯವಾಗಿ ಮೊದಲ 10 ಗಂಟೆ 25:1 ಹಾಕುತ್ತಾರೆ, ಅಂದರೆ ಲೀಟರಿಗೆ 20ರ ಬದಲು 40 ಮಿಲಿಲೀಟರ್ ಎಣ್ಣೆ. ಎಣ್ಣೆ ಟಿಸಿ-ಡಬ್ಲ್ಯೂ3 (ನೀರಲ್ಲಿ ತಣಿಯುವ ಟೂ-ಸ್ಟ್ರೋಕ್‌ಗೆ ಮಾಡಿದ್ದು) ಗುರುತಿನದೇ ಇರಲಿ. ಬೈಕಿನ ಟೂ-ಸ್ಟ್ರೋಕ್ ಎಣ್ಣೆ ಗಾಳಿಯಲ್ಲಿ ತಣಿಯುವ, ಬೇರೆಯೇ ಬಿಸಿಯಲ್ಲಿ ಓಡುವ ಇಂಜಿನ್ನಿಗೆ ಮಾಡಿದ್ದು. ಒಂದೇ ವೇಗದಲ್ಲಿ ಎಳೆಯಬೇಡಿ, ಏರಿಸಿ ಇಳಿಸಿ ಮಾಡುತ್ತಿರಿ, ಫುಲ್ ಥ್ರಾಟಲ್ ಕೊಟ್ಟರೂ ಸ್ವಲ್ಪ ಹೊತ್ತು ಮಾತ್ರ. ನೀರಿಲ್ಲದೆ ಅರ್ಧ ನಿಮಿಷವೂ ಓಡಿಸಬೇಡಿ, ಹೊಸ ಇಂಪೆಲ್ಲರ್ ಸುಟ್ಟುಹೋಗುತ್ತದೆ. ಮೊದಲ ಓಟ ಮುಗಿದ ಮೇಲೆ ಪ್ಲಗ್ ತೆಗೆದು ಬಣ್ಣ ನೋಡಿ, ಕಂಪ್ರೆಷನ್ ಮತ್ತೆ ಬರೆದಿಡಿ.

ಬೇಡ ಅಂತ ತೀರ್ಮಾನಿಸಿದೆ. ಹಳೇ ಮೋಟರ್ ಗುಜರಿಗೆ ಹಾಕ್ಲಾ?

ಇಡಿಯಾಗಿ ಗುಜರಿಗೆ ಹಾಕಿದರೆ ಅಲ್ಯೂಮಿನಿಯಂ ತೂಕದ ಬೆಲೆ ಮಾತ್ರ. ಅದೇ ಮಾಡೆಲ್ ಇಟ್ಟುಕೊಂಡು ಭಾಗ ಹುಡುಕುತ್ತಿರುವವರಿಗೆ ಬಿಡಿಬಿಡಿಯಾಗಿ ಕೊಟ್ಟರೆ ಜಾಸ್ತಿ ಬರುತ್ತದೆ. ನೀರು ಸೇರದ ಗೇರ್‌ಕೇಸ್, ಕೆಲಸ ಮಾಡುವ ಸಿಡಿಐ ಮತ್ತು ಕಾಯಿಲ್, ಕಾರ್ಬ್ಯುರೇಟರ್, ಪವರ್ ಟಿಲ್ಟ್ (ಮೋಟರ್ ಎತ್ತಿ ಇಳಿಸುವ ವ್ಯವಸ್ಥೆ), ಬಿರುಕಿಲ್ಲದ ಹುಡ್, ಇವುಗಳಿಗೆ ಗಿರಾಕಿ ಇದ್ದೇ ಇರುತ್ತಾರೆ. ಬಿಚ್ಚುವ ಮುಂಚೆ ಮಾಡೆಲ್ ನಂಬರ್ ಪ್ಲೇಟ್‌ನ ಫೋಟೋ ತೆಗೆದಿಡಿ, ಕೊಳ್ಳುವವರು ಮೊದಲು ಕೇಳುವುದೇ ಅದನ್ನು. ಗೇರ್ ಎಣ್ಣೆ, ಉಳಿದ ಪೆಟ್ರೋಲ್ ಡಬ್ಬಕ್ಕೆ ಬಸಿದುಕೊಳ್ಳಿ, ನೆಲಕ್ಕೆ ಬೇಡ.